ಬೀಗ ತೆಗೆದ ಮೇಲಿನ ಶಾಲೆ

ಶಾಲೆಗೆ ಬೀಗ ಹಾಕಲು ಒಂದು ಸುತ್ತೋಲೆ ಸಾಕು. ಸಂಜೆ ಟಿ.ವಿ.ಯಲ್ಲಿ ಸುದ್ದಿ ಬಂದರೆ ಬೆಳಿಗ್ಗೆ ಗೇಟು ಮುಚ್ಚಿರುತ್ತದೆ. ಆದರೆ ಹಾಕಿದ ಬೀಗ ತೆಗೆದು, ಮನೆ ಸೇರಿದ್ದ ಮಕ್ಕಳನ್ನು ಮತ್ತೆ ಬೆಂಚಿನ ಮೇಲೆ ಕೂರಿಸಲು ಎಷ್ಟು ದಿನ ಬೇಕು? ಕೋವಿಡ್ ಕಾಲದಲ್ಲಿ ಕರ್ನಾಟಕಕ್ಕೆ ಬೇಕಾದದ್ದು 19 ತಿಂಗಳಿಗೂ ಹೆಚ್ಚು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದನೇ ತರಗತಿಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು.

ಈಗ ಯಾಕಪ್ಪ ಈ ಹಳೇ ಕತೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಒಂದು, ಆ ವರ್ಷ ಹತ್ತನೇ ತರಗತಿಯಲ್ಲಿದ್ದ ನನ್ನಂಥವರು ಈಗ ಬಿ.ಇ. ಮಧ್ಯದಲ್ಲಿದ್ದೇವೆ. ಏನಾಯಿತೆಂದು ಹಿಂತಿರುಗಿ ನೋಡುವಷ್ಟು ದೂರ ಬಂದಿದ್ದೇವೆ, ಮರೆಯುವಷ್ಟು ದೂರ ಬಂದಿಲ್ಲ. ಇನ್ನೊಂದು, ಶಾಲೆ ಮುಚ್ಚುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. 2023ರ ಸೆಪ್ಟೆಂಬರ್‌ನಲ್ಲಿ ನಿಪಾ ಕಾಣಿಸಿಕೊಂಡಾಗ ಪಕ್ಕದ ಕೇರಳದ ಕಲ್ಲಿಕೋಟೆಯಲ್ಲಿ ತರಗತಿಗಳು ಆನ್‌ಲೈನ್‌ಗೆ ಹೋದವು. 2024ರ ನವೆಂಬರ್‌ನಲ್ಲಿ ಗಾಳಿ ಕೆಟ್ಟಾಗ ದೆಹಲಿಯ ಶಾಲೆಗಳೂ ಆನ್‌ಲೈನ್ ಆದವು. ಆಗ ಸುಪ್ರೀಂ ಕೋರ್ಟೇ, ಮಕ್ಕಳಿಗೆ ಬಿಸಿಯೂಟ ತಪ್ಪುತ್ತಿದೆ, ಎಷ್ಟೋ ಮನೆಗಳಲ್ಲಿ ಆನ್‌ಲೈನ್ ಪಾಠ ಕೇಳುವ ಸೌಲಭ್ಯವಿಲ್ಲ ಎಂದು ಗಮನಿಸಿ, ನಿರ್ಬಂಧ ಸಡಿಲಿಸುವ ಬಗ್ಗೆ ಯೋಚಿಸುವಂತೆ ಸಂಬಂಧಪಟ್ಟ ಆಯೋಗಕ್ಕೆ ಹೇಳಬೇಕಾಯಿತು. ಮುಂದೆಯೂ ಮುಚ್ಚುವ ಸಂದರ್ಭ ಬರುತ್ತದೆ. ಹಾಗಾಗಿ, ತೆರೆಯುವುದು ಹೇಗೆ ಎಂಬುದನ್ನು ಈಗಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಆ ವರ್ಷದ ಹತ್ತನೇ ಕ್ಲಾಸು

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ. ಓದಿದ್ದು ಸರ್ಕಾರಿ ಪ್ರೌಢಶಾಲೆಯಲ್ಲಿ. ಒಂಬತ್ತನೇ ತರಗತಿಯ ಕೊನೇ ಪರೀಕ್ಷೆಗೆ ಓದಿಕೊಳ್ಳುತ್ತಿರುವಾಗಲೇ ಕಲಬುರಗಿಯಿಂದ ದೇಶದ ಮೊದಲ ಕೋವಿಡ್ ಸಾವಿನ ಸುದ್ದಿ ಬಂತು. ಶಾಲೆ ಮುಚ್ಚಿತು. ಪರೀಕ್ಷೆ ಇಲ್ಲದೆ ಪಾಸಾದೆವು. ಮೊದಲು ಖುಷಿಯಾಯಿತು ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಆ ಖುಷಿ ಒಂದು ತಿಂಗಳೂ ಉಳಿಯಲಿಲ್ಲ.

2020ರ ಜೂನ್‌ನಲ್ಲಿ ಬೇರೆ ರಾಜ್ಯಗಳು ಪರೀಕ್ಷೆ ರದ್ದು ಮಾಡುತ್ತಿದ್ದಾಗ ಕರ್ನಾಟಕ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿತು. ನಮ್ಮ ಸೀನಿಯರ್‌ಗಳು ಮಾಸ್ಕ್ ಹಾಕಿಕೊಂಡು ಹೋಗಿ ಬರೆದು ಬಂದರು. ಆದರೆ ಪರೀಕ್ಷೆ ನಡೆಸುವುದು ಬೇರೆ, ಶಾಲೆ ನಡೆಸುವುದು ಬೇರೆ ಎಂಬುದು ಆಮೇಲೆ ಗೊತ್ತಾಯಿತು. ಪರೀಕ್ಷೆಗೆ ಕೆಲವು ದಿನಗಳ ಸಿದ್ಧತೆ ಸಾಕು. ಶಾಲೆಗೆ ದಿನಾ ಸಿದ್ಧತೆ ಬೇಕು.

ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಮೇಷ್ಟ್ರೇ ಮಕ್ಕಳ ಬಳಿ ಹೋಗಲಿ ಎಂಬ ಯೋಚನೆ. ಇಪ್ಪತ್ತು, ಇಪ್ಪತ್ತೈದು ಮಕ್ಕಳಿಗೆ ಒಬ್ಬರು ಶಿಕ್ಷಕರು. ಸ್ಮಾರ್ಟ್‌ಫೋನ್ ಇರುವವರು, ಬರೀ ಕೀಪ್ಯಾಡ್ ಫೋನ್ ಇರುವವರು, ಏನೂ ಇಲ್ಲದವರು ಎಂದು ಮೂರು ಗುಂಪು. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನ ಎಲ್ಲವೂ ತರಗತಿಗಳಾದವು. ನಮ್ಮೂರ ಮಾರಮ್ಮನ ಗುಡಿಯ ಕಂಬಕ್ಕೆ ಒರಗಿಕೊಂಡು ನಾವು ಬಹುಪದೋಕ್ತಿಗಳನ್ನು ಕಲಿತೆವು. ಕೋಳಿ, ಮೇಕೆ, ದಾರಿಹೋಕರು ಎಲ್ಲರ ಎದುರಿಗೇ ಪಾಠ. ಆದರೂ ಮೇಷ್ಟ್ರ ಮುಖ ಕಾಣುತ್ತಿತ್ತು, ಅರ್ಥವಾಗದಿದ್ದರೆ ಅವರಿಗೂ ನಮ್ಮ ಮುಖ ಕಾಣುತ್ತಿತ್ತು. ಕೆಲವೆಡೆ ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗುಲಿದ ಸುದ್ದಿಗಳ ನಡುವೆ ಅಕ್ಟೋಬರ್‌ನಲ್ಲಿ ವಿದ್ಯಾಗಮವನ್ನು ನಿಲ್ಲಿಸಿದರು. ಆ ನಂತರ ಚಂದನ ವಾಹಿನಿಯ ಪಾಠಗಳೇ ಗತಿ. ಕರೆಂಟು ಇದ್ದರೆ ಪಾಠ, ಇಲ್ಲದಿದ್ದರೆ ಇಲ್ಲ.

2021ರ ಜನವರಿ 1ರಂದು ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿಯವರಿಗೆ ಬಾಗಿಲು ತೆರೆಯಿತು. ಅಪ್ಪ ಅಮ್ಮನ ಒಪ್ಪಿಗೆ ಪತ್ರ ತರಬೇಕು. ಹಾಜರಾತಿ ಕಡ್ಡಾಯವಲ್ಲ. ನೀರು ಮನೆಯಿಂದಲೇ ತರಬೇಕು. ಪಠ್ಯದಲ್ಲಿ ಶೇ 30ರಷ್ಟು ಕಡಿತ. ಏಪ್ರಿಲ್ ಹೊತ್ತಿಗೆ ಎರಡನೇ ಅಲೆ ಬಂದು ಎಲ್ಲವೂ ಮತ್ತೆ ಮುಚ್ಚಿತು. ಅಂದರೆ ನಮ್ಮ ಇಡೀ ಹತ್ತನೇ ತರಗತಿಯಲ್ಲಿ ನಿಜವಾದ ಶಾಲೆ ನಾಲ್ಕು ತಿಂಗಳೂ ಇರಲಿಲ್ಲ. ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಆರೂ ವಿಷಯಗಳಿಗೆ ಓಎಂಆರ್ ಹಾಳೆಯ ಮೇಲೆ ಗುಂಡಗೆ ಬಣ್ಣ ತುಂಬಿ ಬಂದೆವು. ಬಹುತೇಕ ಎಲ್ಲರೂ ಪಾಸು. ಊರಲ್ಲಿ ಕೆಲವರು ಈಗಲೂ ನಮ್ಮನ್ನು ‘ಕೊರೊನಾ ಪಾಸು’ ಎಂದೇ ಕರೆಯುತ್ತಾರೆ. ನಗುತ್ತೇವೆ. ಆದರೆ ಇಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ತ್ರಿಕೋನಮಿತಿಯ ಸರಳ ಸೂತ್ರವೊಂದಕ್ಕೆ ಇಡೀ ಬೆಂಚು ತಡವರಿಸಿದಾಗ ಆ ಮಾತಿನ ಹಿಂದಿನ ಲೆಕ್ಕ ಅರ್ಥವಾಗುತ್ತದೆ.

ಕೊನೆಗೆ ಬಂದವರು ಚಿಕ್ಕವರು

ಎರಡನೇ ಅಲೆ ಇಳಿದ ಮೇಲೆ ಶಾಲೆಗಳು ತೆರೆದ ಕ್ರಮವನ್ನು ಒಮ್ಮೆ ನೋಡಿ. 2021ರ ಆಗಸ್ಟ್ 23ರಂದು ಒಂಬತ್ತರಿಂದ ಹನ್ನೆರಡನೇ ತರಗತಿ. ಅದೂ ಪಾಸಿಟಿವಿಟಿ ದರ ಶೇ 2ಕ್ಕಿಂತ ಕಡಿಮೆ ಇರುವ ಜಿಲ್ಲೆಗಳಲ್ಲಿ ಮಾತ್ರ. ದಕ್ಷಿಣ ಕನ್ನಡ, ಉಡುಪಿ, ಕೊಡಗಿನಂಥ ಜಿಲ್ಲೆಗಳು ಇನ್ನಷ್ಟು ದಿನ ಕಾಯಬೇಕಾಯಿತು. ಸೆಪ್ಟೆಂಬರ್ 6ರಂದು ಆರರಿಂದ ಎಂಟು. ಅಕ್ಟೋಬರ್ 25ರಂದು ಒಂದರಿಂದ ಐದು. ನವೆಂಬರ್ 8ರಂದು ಎಲ್‌ಕೆಜಿ, ಯುಕೆಜಿ. ದೊಡ್ಡವರು ಮೊದಲು, ಚಿಕ್ಕವರು ಕೊನೆಗೆ.

ಇದರಲ್ಲಿ ತಪ್ಪೇನಿದೆ ಅನ್ನಿಸಬಹುದು. ಪಬ್ಲಿಕ್ ಪರೀಕ್ಷೆ ಇರುವವರು ಮೊದಲು ಬರಬೇಡವೇ? ಚಿಕ್ಕ ಮಕ್ಕಳು ಮಾಸ್ಕ್ ಹಾಕಿಕೊಳ್ಳುತ್ತಾರೆಯೇ, ದೂರ ದೂರ ಕೂರುತ್ತಾರೆಯೇ? ಮೂರನೇ ಅಲೆ ಮಕ್ಕಳನ್ನೇ ಕಾಡುತ್ತದೆ ಎಂದು ಟಿ.ವಿ.ಗಳು ದಿನವಿಡೀ ಹೇಳುತ್ತಿದ್ದ ಕಾಲ ಅದು. ತೀರ್ಮಾನ ತೆಗೆದುಕೊಂಡವರ ಮೇಲೆ ಎಷ್ಟು ಒತ್ತಡವಿತ್ತೆಂದು ಊಹಿಸಬಹುದು.

ಆದರೆ ಅದೇ ಜುಲೈನಲ್ಲಿ ಐಸಿಎಂಆರ್ ಮುಖ್ಯಸ್ಥ ಡಾ. ಬಲರಾಮ್ ಭಾರ್ಗವ ಅವರು ಹೇಳಿದ್ದು ಇದಕ್ಕೆ ಉಲ್ಟಾ. ಚಿಕ್ಕ ಮಕ್ಕಳು ವೈರಾಣುವನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ, ಹಾಗಾಗಿ ಶಾಲೆ ತೆರೆಯುವುದಾದರೆ ಪ್ರಾಥಮಿಕದಿಂದ ಶುರು ಮಾಡುವುದು ಒಳ್ಳೆಯದು, ಶಿಕ್ಷಕರೂ ಸಿಬ್ಬಂದಿಯೂ ಲಸಿಕೆ ಪಡೆದಿರಲಿ ಎಂಬುದು ಅವರ ಮಾತಿನ ಸಾರ. ಅದೇ ಸಮಯಕ್ಕೆ ಬಂದ ಐಸಿಎಂಆರ್‌ನ ನಾಲ್ಕನೇ ಸೆರೊ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು ಮಂದಿಗೆ ಆಗಲೇ ಪ್ರತಿಕಾಯಗಳಿದ್ದವು. ಶಾಲೆ ಮುಚ್ಚಿಯೇ ಇತ್ತು, ಆದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ಬಂದು ಹೋಗಿತ್ತು. ಮದುವೆ, ಸಂತೆ, ಮನೆಯೊಳಗಿನ ಓಡಾಟದಲ್ಲಿ ಅದು ಬಂದಿತ್ತು.

ಡೆನ್ಮಾರ್ಕ್ 2020ರ ಏಪ್ರಿಲ್ ಮಧ್ಯದಲ್ಲೇ ಶಾಲೆ ತೆರೆದಾಗ ಮೊದಲು ಕರೆದದ್ದು ಶಿಶುವಿಹಾರದವರನ್ನು ಮತ್ತು ಐದನೇ ತರಗತಿವರೆಗಿನ ಮಕ್ಕಳನ್ನು. ಅವರ ದೇಶ ಚಿಕ್ಕದು, ಅವರ ತರಗತಿಯಲ್ಲಿ ಮಕ್ಕಳು ಕಡಿಮೆ, ನಮಗೂ ಅವರಿಗೂ ಹೋಲಿಕೆ ಸಲ್ಲದು ಎನ್ನಬಹುದು. ಒಪ್ಪುತ್ತೇನೆ. ಆದರೂ ಅವರು ಕೇಳಿಕೊಂಡ ಪ್ರಶ್ನೆ ಮಾತ್ರ ನಮಗೂ ಸಲ್ಲುತ್ತದೆ: ಮೇಷ್ಟ್ರು ಎದುರಿಗಿಲ್ಲದೆ ಕಲಿಯಲು ಯಾರಿಗೆ ಆಗುವುದೇ ಇಲ್ಲ? ಹದಿನಾರು ವರ್ಷದವರು ಯೂಟ್ಯೂಬ್ ನೋಡಿ, ಗೈಡು ಓದಿ ಅಷ್ಟೋ ಇಷ್ಟೋ ಕಲಿಯುತ್ತೇವೆ. ಆರು ವರ್ಷದ ಮಗುವಿಗೆ ‘ಅ’ ತಿದ್ದಿಸಲು ಪಕ್ಕದಲ್ಲಿ ಕುಳಿತ ಒಂದು ಕೈ ಬೇಕು. ನಾವು ಮಾತ್ರ, ಯಾರಿಗೆ ಪರೀಕ್ಷೆ ಇದೆ ಎಂದು ಕೇಳಿಕೊಂಡೆವು. ಪರೀಕ್ಷೆ ಇಲ್ಲದವರು ಕೊನೆಗೆ ಬಂದರು.

ಜ್ವರದ ಗನ್ನು, ಮುಚ್ಚಿದ ಕಿಟಕಿ

ಇಂಜಿನಿಯರಿಂಗ್ ಓದುವವರಿಗೆ ಒಂದು ಚಟ. ಏನನ್ನು ನೋಡಿದರೂ ಇದು ನಿಜಕ್ಕೂ ಕೆಲಸ ಮಾಡುತ್ತದಾ ಎಂದು ಕೇಳುವುದು. ಶಾಲೆ ಮರಳಿ ತೆರೆದಾಗ ಗೇಟಿನಲ್ಲಿ ಎರಡು ವಸ್ತುಗಳು ನಮ್ಮನ್ನು ಸ್ವಾಗತಿಸಿದವು. ಒಂದು ಹಣೆಗೆ ಹಿಡಿಯುವ ಜ್ವರದ ಗನ್ನು, ಇನ್ನೊಂದು ಸ್ಯಾನಿಟೈಸರ್ ಬಾಟಲಿ. ಬೆಂಚುಗಳಿಗೆ ದ್ರಾವಣ ಸಿಂಪಡಿಸಿದ ವಾಸನೆ ಒಂದು ವಾರ ಹೋಗಲಿಲ್ಲ. ಒಳಗೆ ಹೋದರೆ ಕೊಠಡಿಯ ಹಿಂಬದಿಯ ಎರಡು ಕಿಟಕಿಗಳು ಮುಚ್ಚಿಯೇ ಇದ್ದವು. ಒಂದು ವರ್ಷ ಬಳಸದೆ ತುಕ್ಕು ಹಿಡಿದ ಅವುಗಳ ಚಿಲಕಗಳನ್ನು ಯಾರೂ ಮುಟ್ಟಿರಲಿಲ್ಲ.

ಜ್ವರವಿಲ್ಲದೆಯೂ ಸೋಂಕು ಇರಬಹುದು ಎಂಬುದು ಆಗಲೇ ಗೊತ್ತಿದ್ದ ವಿಷಯ. ಅಂಥವರನ್ನು ಗನ್ನು ಹಿಡಿಯುವುದಿಲ್ಲ. ವೈರಾಣು ಹೆಚ್ಚಾಗಿ ಹರಡುವುದು ಉಸಿರಿನಿಂದ, ಗಾಳಿಯಾಡದ ಒಳಾಂಗಣದಲ್ಲಿ ಅದು ಗಾಳಿಯಲ್ಲೇ ತೇಲುತ್ತ ಉಳಿಯಬಲ್ಲದು ಎಂಬುದು 2021ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದ ಮಾತು. ಒಬ್ಬೊಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಸಿಗಬೇಕೆಂದು ಅದೇ ಸಂಸ್ಥೆ ಆ ವರ್ಷದ ಮಾರ್ಚ್‌ನಲ್ಲಿ ಮಾರ್ಗಸೂಚಿ ಕೊಟ್ಟಿತ್ತು.

ಇದನ್ನು ಅಳೆಯುವುದು ಕಷ್ಟವಲ್ಲ. ನಾವು ಬಿಡುವ ಉಸಿರಿನಲ್ಲಿ ಸುಮಾರು ಶೇ 4ರಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಮಾತ್ರ. ಕೊಠಡಿಯಲ್ಲಿ ಈ ಅಂಕಿ ಏರುತ್ತ ಹೋದರೆ, ನಾವು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದೇವೆ ಎಂದರ್ಥ. ಮಿನಿ ಪ್ರಾಜೆಕ್ಟಿಗೆಂದು ನಾವು ನಾಲ್ವರು ಗೆಳೆಯರು ಆರ್ಡುಯಿನೊ ಬೋರ್ಡಿಗೆ ಇನ್‌ಫ್ರಾರೆಡ್ ಬೆಳಕಿನಿಂದ ಈ ಅನಿಲ ಅಳೆಯುವ ಸೆನ್ಸರ್ ಜೋಡಿಸಿ ನಮ್ಮದೇ ತರಗತಿಯಲ್ಲಿಟ್ಟೆವು. ಪ್ರೊಜೆಕ್ಟರ್‌ಗಾಗಿ ಬಾಗಿಲು, ಕಿಟಕಿ ಮುಚ್ಚಿ ಕುಳಿತ ಗಂಟೆಯಲ್ಲಿ ಅಂಕಿ ಮೆಟ್ಟಿಲು ಹತ್ತಿದಂತೆ ಹತ್ತಿತು. ಎದುರುಬದುರು ಕಿಟಕಿಗಳನ್ನು ತೆರೆದ ಮೇಲೆ ನೋಡುನೋಡುತ್ತಲೇ ಇಳಿಯಿತು. ಮಧ್ಯಾಹ್ನದ ಕ್ಲಾಸಿನ ತೂಕಡಿಕೆಗೆ ಮೇಷ್ಟ್ರೊಬ್ಬರೇ ಕಾರಣವಲ್ಲ ಎಂಬ ಸಂಶೋಧನೆಯೂ ಆಯಿತು!

ತಮಾಷೆ ಪಕ್ಕಕ್ಕಿಡೋಣ. ನಮ್ಮ ಹಳೆಯ ಸರ್ಕಾರಿ ಶಾಲೆಗಳಿಗೆ ಎತ್ತರದ ಹೆಂಚಿನ ಮಾಡು, ದೊಡ್ಡ ಕಿಟಕಿಗಳು, ಮುಂದೊಂದು ಜಗಲಿ, ಅಂಗಳದಲ್ಲಿ ಬೇವಿನ ಮರ ಇರುತ್ತವೆ. ಗಾಳಿಯ ಲೆಕ್ಕದಲ್ಲಿ ಎಷ್ಟೋ ಎ.ಸಿ. ಶಾಲೆಗಳಿಗಿಂತ ಅವು ಸುರಕ್ಷಿತ. ಬಯಲಲ್ಲಿ ಪಾಠ ಮಾಡುವುದು ನಮಗೆ ಹೊಸದೂ ಅಲ್ಲ. ಅಕ್ಟೋಬರ್‌ವರೆಗೆ ಕಾಯದೆ, ಚಿಕ್ಕ ಮಕ್ಕಳನ್ನು ಸರದಿಯಲ್ಲಿ ಮರದಡಿಗೆ ಕರೆಯಬಹುದಿತ್ತು. ಕಿಟಕಿಯ ಚಿಲಕಕ್ಕೆ ಎರಡು ಹನಿ ಎಣ್ಣೆ ಬಿಡುವುದಕ್ಕೆ ಯಾವ ಟೆಂಡರೂ ಬೇಕಿರಲಿಲ್ಲ.

ಊಟ ಮತ್ತು ಬಸ್ಸು

ಜನವರಿ 1ರಂದು ಶಾಲೆ ತೆರೆಯಿತು, ಅಡುಗೆ ಮನೆ ತೆರೆಯಲಿಲ್ಲ. ಬಿಸಿಯೂಟದ ಬದಲು ಅಕ್ಕಿ, ಬೇಳೆ ಮನೆಗೆ ಕೊಡುತ್ತಿದ್ದರು. ಅಕ್ಕಿ ಮನೆಗೆ ಹೋದರೆ ಅದು ಮನೆಯವರೆಲ್ಲರ ಅಕ್ಕಿ. ಮಗುವಿನ ಮಧ್ಯಾಹ್ನದ ಊಟವಾಗಿ ಉಳಿಯುವುದಿಲ್ಲ. ಶಾಲೆಗಳಲ್ಲಿ ಮತ್ತೆ ಬಿಸಿಯೂಟ ಶುರುವಾದದ್ದು 2021ರ ಅಕ್ಟೋಬರ್‌ನಲ್ಲಿ. ನಮ್ಮೂರಿನಲ್ಲಿ ಮಕ್ಕಳ ಹಾಜರಾತಿ ನಿಜವಾಗಿ ಏರಿದ್ದು ಒಗ್ಗರಣೆಯ ಘಮ ಬಂದ ಮೇಲೆ ಎಂದು ಅಡುಗೆಯಮ್ಮ ಈಗಲೂ ಹೇಳುತ್ತಾರೆ. ಅವರ ಮಾತಿನಲ್ಲಿ ಸ್ವಲ್ಪ ಹೆಮ್ಮೆ ಸೇರಿರಬಹುದು, ಸುಳ್ಳು ಇಲ್ಲ.

ಬಸ್ಸಿನ ಕತೆಯೂ ಅಷ್ಟೇ. ಪ್ರೌಢಶಾಲೆ ಊರಿನಲ್ಲಿದ್ದವರು ನಡೆದು ಬಂದರು. ನಮ್ಮ ಕ್ಲಾಸಿನಲ್ಲಿ ಸುತ್ತಲಿನ ಹಟ್ಟಿಗಳಿಂದ ಬರುವವರಿದ್ದರು. ಲಾಕ್‌ಡೌನ್‌ಗೆ ಮುಂಚೆ ಬೆಳಿಗ್ಗೆ ಬರುತ್ತಿದ್ದ ಒಂದೇ ಬಸ್ಸು ಶಾಲೆ ತೆರೆದ ಮೇಲೂ ಎಷ್ಟೋ ದಿನ ಬರಲಿಲ್ಲ. ಜನರಿಲ್ಲ ಎಂದು ಬಸ್ಸು ಬಿಡುವುದಿಲ್ಲ, ಬಸ್ಸಿಲ್ಲ ಎಂದು ಜನ ಹೊರಡುವುದಿಲ್ಲ. ಅಣ್ಣನ ಬೈಕು ಇದ್ದವರು ಬಂದರು. ಹುಡುಗಿಯರಲ್ಲಿ ಹೆಚ್ಚಿನವರು ಬರಲಿಲ್ಲ. ಶಿಕ್ಷಣ ಇಲಾಖೆಯ ಸುತ್ತೋಲೆ ಶಾಲೆಗೆ ತಲುಪಿತ್ತು. ಬಸ್ ಡಿಪೊಗೆ ತಲುಪಬೇಕೆಂದು ಯಾರಿಗೂ ಹೊಳೆದಿರಲಿಲ್ಲವೇನೊ.

ಇದರ ಇನ್ನೊಂದು ತುದಿಯಲ್ಲಿ ಮೊಬೈಲ್ ನೆಟ್‌ವರ್ಕ್ ಇತ್ತು. 2021ರ ಜೂನ್‌ನಲ್ಲಿ ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನ ಒಂದು ಚಿತ್ರ ಎಲ್ಲರ ಫೋನುಗಳಲ್ಲಿ ಹರಿದಾಡಿದ್ದು ನಿಮಗೂ ನೆನಪಿರಬಹುದು. ಸುರಿವ ಮಳೆಯಲ್ಲಿ ರಸ್ತೆ ಬದಿ ಕುಳಿತು ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಎಲ್ಲರೂ ಆ ಅಪ್ಪನನ್ನು ಹೊಗಳಿದರು, ಹೊಗಳಬೇಕಾದದ್ದೇ. ಆದರೆ ಕೊಡೆ ಹಿಡಿಯಲು ಬಿಡುವಿಲ್ಲದ ಅಪ್ಪಂದಿರ ಮಕ್ಕಳು ಆ ಚಿತ್ರದಲ್ಲಿ ಕಾಣುವುದಿಲ್ಲ. ಅರ್ಥಶಾಸ್ತ್ರಜ್ಞ ಜಾನ್ ಡ್ರೇಜ್ ಮತ್ತವರ ಸಂಗಡಿಗರು ಅದೇ ಆಗಸ್ಟ್‌ನಲ್ಲಿ 15 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಮಕ್ಕಳನ್ನು ಮಾತಾಡಿಸಿದಾಗ, ಹಳ್ಳಿಗಳಲ್ಲಿ ನಿಯಮಿತವಾಗಿ ಆನ್‌ಲೈನ್‌ನಲ್ಲಿ ಓದುತ್ತಿದ್ದವರು ಶೇ 8ರಷ್ಟು ಮಾತ್ರ. ಶೇ 37ರಷ್ಟು ಮಕ್ಕಳು ಏನನ್ನೂ ಓದುತ್ತಿರಲಿಲ್ಲ.

ಬರದೇ ಉಳಿದವರು

ಜನವರಿಯಲ್ಲಿ ನಮ್ಮ ಹಾಜರಿ ಪುಸ್ತಕದ ಒಂದಷ್ಟು ಹೆಸರುಗಳಿಗೆ ಉತ್ತರ ಬರಲಿಲ್ಲ. ನನ್ನ ಹಿಂದಿನ ಬೆಂಚಿನ ಹುಡುಗನೊಬ್ಬ ಕುರಿ ಹಿಂಡಿನ ಜೊತೆ ಹೊರಟುಹೋಗಿದ್ದ. ಇನ್ನೊಬ್ಬ ಬೆಂಗಳೂರಿನ ಬೇಕರಿಯಲ್ಲಿದ್ದ, ತಿಂಗಳಿಗೆ ಮನೆಗೆ ದುಡ್ಡು ಕಳಿಸುತ್ತಿದ್ದ. ಚಿತ್ರ ಚೆನ್ನಾಗಿ ಬಿಡಿಸುತ್ತಿದ್ದ ಗೆಳತಿಯೊಬ್ಬಳಿಗೆ ಮದುವೆಯಾಗಿತ್ತು. ಲಾಕ್‌ಡೌನ್‌ನಲ್ಲಿ ಮನೆ ಮುಂದೆಯೇ ಕಡಿಮೆ ಖರ್ಚಿನಲ್ಲಿ ಮುಗಿಯಿತಂತೆ. ಆಗ ಅವಳಿಗೆ ಹದಿನಾರು.

ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ದಿನಾ ಸಂಜೆ ಸ್ಕೂಟರ್ ಹತ್ತಿ ಒಂದೊಂದೇ ಮನೆಗೆ ಹೋದರು. ಕುರಿ ಹುಡುಗನ ಮನೆಗೆ ಮೂರು ಸಲ. ಮೊದಲ ಸಲ ಅವನ ಅಪ್ಪ ಮಾತಾಡಲಿಲ್ಲ. ಎರಡನೇ ಸಲ, ‘ಶಾಲೆಗೆ ಬಂದರೆ ಕುರಿ ಯಾರು ನೋಡ್ತಾರೆ ಸಾ’ ಎಂದ. ಮೂರನೇ ಸಲ ಮೇಷ್ಟ್ರು ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಕಳಿಸಿ, ಉಳಿದ ದಿನ ಸಂಜೆ ನಾನೇ ಹೇಳಿಕೊಡುತ್ತೇನೆ ಎಂದರು. ಹುಡುಗ ಬಂದ. ಪಾಸಾದ. ಈಗ ಐಟಿಐ ಮುಗಿಸಿ ಹಿರಿಯೂರಿನಲ್ಲಿ ಫಿಟ್ಟರ್ ಆಗಿದ್ದಾನೆ. ಬೇಕರಿ ಹುಡುಗ ಬರಲಿಲ್ಲ. ಗೆಳತಿಯೂ ಬರಲಿಲ್ಲ, ಅವಳ ಗಂಡನ ಊರು ಮೇಷ್ಟ್ರ ಸ್ಕೂಟರಿಗೆ ದೂರವಾಗಿತ್ತು.

ನನ್ನ ದೃಷ್ಟಿಯಲ್ಲಿ ಶಾಲೆ ಮರಳಿ ತೆರೆಯುವುದೆಂದರೆ ಆ ಸ್ಕೂಟರ್ ಓಡಾಟವೇ. ಗೇಟು ತೆರೆದಿದೆ, ಬರುವವರು ಬರಲಿ ಎಂದರೆ, ಬರಬಲ್ಲವರು ಮಾತ್ರ ಬರುತ್ತಾರೆ. ‘ಹಾಜರಾತಿ ಕಡ್ಡಾಯವಲ್ಲ’ ಎಂಬ ನಿಯಮ ಆರೋಗ್ಯದ ದೃಷ್ಟಿಯಿಂದ ಸರಿಯಾಗಿತ್ತು. ಆದರೆ ಅದೇ ನಿಯಮದ ಹಿಂದೆ ಎಷ್ಟೋ ಮಕ್ಕಳು ಸದ್ದಿಲ್ಲದೆ ಕಾಣೆಯಾದರು. ಇಷ್ಟು ಓಡಾಡಿದ ಶಿಕ್ಷಕರಿಗೆ ಸಿಕ್ಕಿದ್ದೇನು? ಸರ್ಕಾರಿ ಮೇಷ್ಟ್ರಿಗೆ ಸಂಬಳವಾದರೂ ಇತ್ತು. ಖಾಸಗಿ ಅನುದಾನರಹಿತ ಶಾಲೆಗಳ ಎಷ್ಟೋ ಶಿಕ್ಷಕರು ತರಕಾರಿ ಮಾರಿದರು, ನರೇಗಾ ಕೆಲಸಕ್ಕೆ ಹೋದರು. 2021ರ ಜೂನ್‌ನಲ್ಲಿ ಅವರಿಗೆ ಸರ್ಕಾರ ಘೋಷಿಸಿದ ನೆರವು ತಲಾ 5,000 ರೂಪಾಯಿ.

ಕಲಿಕೆಯ ಸಾಲ

ನನ್ನ ತಂಗಿ 2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಬೇಕಿತ್ತು. ಹೆಸರು ಸೇರಿತು, ಅವಳು ಹೋಗಲಿಲ್ಲ. ಮೊದಲ ಬಾರಿ ತರಗತಿಯಲ್ಲಿ ಕುಳಿತಾಗ ಅವಳು ದಾಖಲೆಯ ಪ್ರಕಾರ ಎರಡನೇ ತರಗತಿ. ಬಳಪ ಹಿಡಿಯಲು ಕಲಿಯುವ ವಯಸ್ಸಿನಲ್ಲಿ ಅವಳು ಅಪ್ಪನ ಫೋನಿನ ಪರದೆ ಸರಿಸಲು ಕಲಿತಿದ್ದಳು.

ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿತು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಶೇ 92ರಷ್ಟು ಮಕ್ಕಳು ಮರೆತಿದ್ದರು. ಗಣಿತದಲ್ಲಿ ಅದು ಶೇ 82. ಇದು ಮುಂದಿನ ಪಾಠ ತಪ್ಪಿದ ಲೆಕ್ಕವಲ್ಲ, ಮೊದಲೇ ಕಲಿತದ್ದು ಮರೆತ ಲೆಕ್ಕ. ಅಸರ್ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹಳ್ಳಿಗಳ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇ 19.2 ಇದ್ದರು. ಮುಚ್ಚಿದ ಒಂದು ವರ್ಷದ ನಂತರ ಅದು ಶೇ 9.8. ಮೊದಲೇ ಹೇಳಿಕೊಳ್ಳುವಂತಿರದಿದ್ದ ಅಂಕಿ ಅರ್ಧಕ್ಕೆ ಇಳಿಯಿತು.

ಸರ್ಕಾರ ಕೈಕಟ್ಟಿ ಕೂರಲಿಲ್ಲ ಎಂಬುದನ್ನೂ ಹೇಳಬೇಕು. 2022–23ನ್ನು ‘ಕಲಿಕಾ ಚೇತರಿಕೆ’ ವರ್ಷವೆಂದು ಕರೆದು, ಮೇ 16ರಂದೇ, ಅಂದರೆ ಸಾಮಾನ್ಯಕ್ಕಿಂತ ಎರಡು ವಾರ ಮೊದಲೇ ಶಾಲೆ ಆರಂಭಿಸಿತು. ಹಿಂದಿನ ತರಗತಿಗಳ ಕಲಿಕೆಯನ್ನು ತುಂಬಿಕೊಡುವ ಕಲಿಕಾ ಹಾಳೆಗಳು ಬಂದವು. ತಂಗಿಯ ಮೇಡಂ ಆ ಹಾಳೆಗಳನ್ನು ಇಟ್ಟುಕೊಂಡು ಮೂರನೇ ತರಗತಿಯವರಿಗೆ ಒಂದನೆಯದರಿಂದ ಶುರು ಮಾಡಿದರು. ಅವಳು ಡಿಸೆಂಬರ್ ಹೊತ್ತಿಗೆ ಬಸ್ಸಿನ ಬೋರ್ಡು ಓದಲು ಕಲಿತಳು. ‘ಚಳ್ಳಕೆರೆ’ ಎಂದು ಒತ್ತಕ್ಷರ ಸಮೇತ ಜೋರಾಗಿ ಓದಿದ ದಿನ ಅಮ್ಮ ಬಸ್‌ಸ್ಟ್ಯಾಂಡಿನಲ್ಲೇ ಅವಳಿಗೆ ಜಿಲೇಬಿ ಕೊಡಿಸಿದಳು.

ಆದರೆ ಒಂದು ವರ್ಷದ ಚೇತರಿಕೆಗೆ ಎಲ್ಲ ಸಾಲ ತೀರಲಿಲ್ಲ. ತಂಗಿ ಈಗ ಆರನೇ ತರಗತಿ. ಓದುತ್ತಾಳೆ, ಆದರೆ ಭಾಗಾಕಾರ ಬಂದರೆ ಪೆನ್ಸಿಲ್ ಕೆಳಗಿಡುತ್ತಾಳೆ. ಭಾಗಾಕಾರಕ್ಕೆ ಮಗ್ಗಿ ಬೇಕು, ಮಗ್ಗಿಗೆ ದಿನಾ ಬೆಳಿಗ್ಗೆ ಒಟ್ಟಿಗೆ ಕೂಗುವ ಒಂದು ತರಗತಿ ಬೇಕು. ಅವಳ ಪಾಲಿನ ಆ ಬೆಳಿಗ್ಗೆಗಳು ಕಳೆದುಹೋಗಿವೆ. ಇನ್ನು ನಾಲ್ಕು ವರ್ಷಕ್ಕೆ ಅವಳೂ, ಅವಳ ವಯಸ್ಸಿನ ಲಕ್ಷಾಂತರ ಮಕ್ಕಳೂ ಎಸ್ಸೆಸ್ಸೆಲ್ಸಿ ಬರೆಯುತ್ತಾರೆ. ಫಲಿತಾಂಶ ಕಡಿಮೆ ಬಂದರೆ ‘ಈಗಿನ ಮಕ್ಕಳು ಓದಲ್ಲ’ ಎನ್ನುತ್ತೇವೆ. ಆಗ ಕೊರೊನಾ ಯಾರಿಗೂ ನೆನಪಿರುವುದಿಲ್ಲ.

ಮುಂದಿನ ಸಲ

ಮುಂದಿನ ಸಲ ಬರಬಾರದು. ಬಂದರೆ ಏನು ಮಾಡಬಹುದು? ನನಗೆ ತೋಚಿದ ನಾಲ್ಕು ಮಾತು.

ಮೊದಲನೆಯದು, ಮುಚ್ಚುವ ಆದೇಶದಲ್ಲೇ ತೆರೆಯುವ ಷರತ್ತೂ ಇರಲಿ. ಯಾವ ಅಂಕಿ ಎಷ್ಟಕ್ಕೆ ಇಳಿದರೆ ಯಾವ ತರಗತಿ ಬರಬಹುದು ಎಂದು ಮೊದಲ ದಿನವೇ ಬರೆದಿಟ್ಟರೆ, ಪೋಷಕರು ಪ್ರತಿ ಸೋಮವಾರ ಸಚಿವರ ಹೇಳಿಕೆಗೆ ಕಾಯಬೇಕಾಗುವುದಿಲ್ಲ. ಇಡೀ ರಾಜ್ಯಕ್ಕೆ ಒಂದೇ ಬೀಗವೂ ಬೇಡ. 2022ರ ಜನವರಿಯಲ್ಲಿ ಮೂರನೇ ಅಲೆ ಬಂದಾಗ ಬೆಂಗಳೂರಿನಲ್ಲಿ ಹತ್ತನೇ ತರಗತಿಗಿಂತ ಕೆಳಗಿನವರಿಗೆ ಶಾಲೆ ಮುಚ್ಚಿ, ಉಳಿದೆಡೆ ಪರಿಸ್ಥಿತಿ ನೋಡಿಕೊಂಡು ಜಿಲ್ಲಾಮಟ್ಟದಲ್ಲಿ ನಿರ್ಧರಿಸಿದರು. ಜನವರಿ 31ಕ್ಕೆ ಬೆಂಗಳೂರೂ ತೆರೆಯಿತು. 19 ತಿಂಗಳಿನ ಜಾಗದಲ್ಲಿ ನಾಲ್ಕು ವಾರಕ್ಕೂ ಕಡಿಮೆ. ನಾವು ಕಲಿಯಬಲ್ಲೆವು ಎಂಬುದಕ್ಕೆ ಅದೇ ಸಾಕ್ಷಿ.

ಎರಡನೆಯದು, ಚಿಕ್ಕವರು ಮೊದಲು. ರೋಗದ ಸ್ವಭಾವ ನೋಡಿಯೇ ನಿರ್ಧರಿಸಬೇಕು. ಮಕ್ಕಳನ್ನೇ ಹೆಚ್ಚು ಕಾಡುವ ರೋಗವಾದರೆ ಲೆಕ್ಕ ಬೇರೆ. ಅಪಾಯ ಸಮನಾಗಿದ್ದರೆ ಮಾತ್ರ ಪರೀಕ್ಷೆಯ ಕ್ಯಾಲೆಂಡರ್ ನೋಡದೆ, ಮೇಷ್ಟ್ರಿಲ್ಲದೆ ಕಲಿಯಲಾಗದವರನ್ನು ಮೊದಲು ಕರೆಯೋಣ.

ಮೂರನೆಯದು, ಪಾಠದ ಜೊತೆಗೇ ಊಟ, ಬಸ್ಸು, ಗಾಳಿ. ಶಾಲೆ ತೆರೆಯುವ ದಿನವೇ ಒಲೆ ಹೊತ್ತಲಿ, ಬಸ್ಸು ಬರಲಿ, ಕಿಟಕಿ ತೆರೆಯಲಿ. ಇವು ಮೂರೂ ಮೂರು ಬೇರೆ ಬೇರೆಯವರ ಕೆಲಸವಾದ್ದರಿಂದಲೇ ಒಟ್ಟಿಗೆ ಕೂತು ಮಾತಾಡಬೇಕು.

ನಾಲ್ಕನೆಯದು, ಹಾಜರಿ ಪುಸ್ತಕದಲ್ಲಿ ಉತ್ತರ ಬರದ ಹೆಸರುಗಳ ಪಟ್ಟಿ ಮೊದಲ ವಾರವೇ ಪಂಚಾಯಿತಿಗೆ ಹೋಗಲಿ. ಒಬ್ಬ ಮೇಷ್ಟ್ರ ಸ್ಕೂಟರಿನ ಪೆಟ್ರೋಲ್ ಮೇಲೆ ಮಕ್ಕಳ ಭವಿಷ್ಯ ನಿಲ್ಲಬಾರದು.

ಇದೆಲ್ಲ ಸರ್ಕಾರ ಮಾಡಬೇಕಾದ್ದು ಸರಿ, ನಾವೇನು ಮಾಡೋಣ ಎಂದು ಗೆಳೆಯರು ಕೇಳುತ್ತಾರೆ. ಮುಂದಿನ ಮಹಾಮಾರಿಗೆ ಕಾಯಬೇಕಿಲ್ಲ, ಹಿಂದಿನದರ ಕೆಲಸವೇ ಬಾಕಿ ಇದೆ. ಆಗ ಒಂದು, ಎರಡನೇ ತರಗತಿಯಲ್ಲಿದ್ದವರು ಈಗ ಆರು, ಏಳರಲ್ಲಿದ್ದಾರೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಅಂಥ ಮಗು ಇದ್ದೇ ಇರುತ್ತದೆ. ಒಂದು ಭಾಗಾಕಾರ ಕೊಟ್ಟು ನೋಡಿ. ಪೆನ್ಸಿಲ್ ಕೆಳಗಿಟ್ಟರೆ ಬೈಯಬೇಡಿ, ಎರಡರ ಮಗ್ಗಿಯಿಂದ ಶುರು ಮಾಡಿ. ನಾವು ನಾಲ್ವರು ರಜೆಗೆ ಊರಿಗೆ ಹೋದಾಗ ಭಾನುವಾರ ಬೆಳಿಗ್ಗೆ ಮಾರಮ್ಮನ ಗುಡಿಯ ಜಗಲಿಯಲ್ಲಿ ಒಂದು ಗಂಟೆ ಕೂರುತ್ತೇವೆ. ಮೊದಲ ವಾರ ಐದು ಮಕ್ಕಳು ಬಂದರು. ಈಗ ಹದಿನಾಲ್ಕು. ತಂಗಿ ಏಳರ ಮಗ್ಗಿಯವರೆಗೆ ಬಂದಿದ್ದಾಳೆ, ಎಂಟಕ್ಕೆ ಇನ್ನೂ ತಡವರಿಸುತ್ತಾಳೆ. ಮುಂದಿನ ರಜೆಯೊಳಗೆ ಹತ್ತು ಮುಗಿಸಬೇಕೆಂದು ಒಪ್ಪಂದವಾಗಿದೆ.